ಎಲ್ಲರೂ ಉಳಿದಿಲ್ಲ

ಹೊಳೆದಂಡೆಯ ಆಶ್ರಮದಲ್ಲಿ ತರ್ಕ ಓದುತ್ತಿದ್ದ ವಾಮನನಿಗೆ ಒಂದು ಮಾತನ್ನು ಎರಡಾಗಿ ಸೀಳುವುದೆಂದರೆ ಬಲು ಹೆಮ್ಮೆ.

"'ಎಲ್ಲ ಕೊಡಗಳೂ ಒಡೆದಿಲ್ಲ' ಅಂದರೇನು?" ಒಂದು ದಿನ ಗುರುಗಳು ಕೇಳಿದರು.

"ಎರಡರ್ಥ, ಗುರುಗಳೇ. ಒಂದೂ ಒಡೆದಿಲ್ಲ ಅನ್ನಬಹುದು. ಕೆಲವು ಒಡೆದಿವೆ, ಕೆಲವು ಒಡೆದಿಲ್ಲ ಅಂತಲೂ ಅನ್ನಬಹುದು."

"ನೀರಿಗೆ ಹೋಗುವವಳು ಯಾವುದನ್ನು ಹಿಡಿಯಬೇಕು?"

"ಅದು ತರ್ಕದ ಪ್ರಶ್ನೆಯಲ್ಲ."

ಗುರುಗಳು ಪಾಠ ಮುಗಿಸಿ ಎದ್ದರು.

ಆಗ ಆಚೆ ದಡದ ಹಳ್ಳಿಗೆ ವಾಂತಿಭೇದಿ ಬಡಿದಿತ್ತು. ಅಂಬಿಗ ಹನುಮ ದಿನಾ ಆಶ್ರಮದ ಗಂಜಿಯನ್ನೂ ಕಾಯಿಸಿದ ನೀರನ್ನೂ ದೋಣಿಯಲ್ಲಿ ಒಯ್ದು ಆ ದಡದಲ್ಲೇ ಇಟ್ಟು ಬರುತ್ತಿದ್ದ. ಮದ್ದು ತರಲು ಪಟ್ಟಣಕ್ಕೆ ಹೊರಟ ಗುರುಗಳು, "ಊರೊಳಗೆ ಹೋಗಿ ಯಾರು ಉಳಿದಿದ್ದಾರೆಂದು ನೋಡಿ ಬಂದು ಹನುಮನಿಗೆ ತಿಳಿಸು" ಎಂದು ವಾಮನನಿಗೆ ಹೇಳಿದರು.

ವಾಮನ ಹೋದ. ಮನೆಮನೆಯಲ್ಲೂ ಹೆಣ. ಕೊನೆಯ ಮನೆಯಲ್ಲಿ ಮಾತ್ರ ಗಂಗವ್ವನೆಂಬ ಮುದುಕಿ ನರಳುತ್ತಿದ್ದ ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಾಳಿಗೂ ಗಂಜಿ ಬರತೈತೇನಪ್ಪಾ?"

"ಬರತೈತವ್ವಾ."

ದೋಣಿಯಲ್ಲಿ ಕಾಯುತ್ತಿದ್ದ ಹನುಮ ಕೇಳಿದ, "ಊರು ಹೆಂಗೈತ್ರೀ?"

ವಾಮನ ಮೂಗಿನಿಂದ ಉತ್ತರೀಯ ತೆಗೆಯಲೂ ಇಲ್ಲ. "ಎಲ್ಲರೂ ಉಳಿದಿಲ್ಲ" ಎಂದ.

ಹನುಮ ತಲೆಯ ರುಮಾಲು ತೆಗೆದು ಗಳಗಳನೆ ಅತ್ತ. ಸತ್ತವರಿಗಾಗಿ ಅಳುತ್ತಿದ್ದಾನೆ ಎಂದುಕೊಂಡ ವಾಮನ. ಆಶ್ರಮಕ್ಕೆ ಬಂದು ಮಿಂದು ಗ್ರಂಥದ ಮುಂದೆ ಕೂತವನು ಮತ್ತೆ ದಂಡೆಯ ಕಡೆ ಹಾಯಲಿಲ್ಲ.

ನಾಲ್ಕನೆಯ ದಿನ ಗುರುಗಳು ಮರಳಿ, ವಾಮನನೊಡನೆ ದಂಡೆಗೆ ಬಂದರು. ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು.

"ಗಂಜಿ ಒಯ್ಯಲಿಲ್ಲವೇನೋ ಹನುಮಾ?"

"ಯಾರಿಗ್ರೀ ಅಪ್ಪಾರ? ಎಲ್ಲಾರೂ ಉಳಿದಿಲ್ಲ ಅಂತ ಇವರೇ ಹೇಳಿದ್ರಲ್ರೀ."

ವಾಮನ ಕೂಗಿದ, "ಕೆಲವರು ಉಳಿದಿದ್ದಾರೆ ಅಂತ ಕಣೋ ನಾನಂದಿದ್ದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವರೂ ಬಿರಬಿರನೆ ಹೊಳೆ ದಾಟಿದರು.

ಗಂಗವ್ವ ಗೋಡೆಗೆ ಒರಗಿಕೊಂಡೇ ಇದ್ದಳು. ಮೊಮ್ಮಗಳ ತಲೆ ಅವಳ ತೊಡೆಯ ಮೇಲೇ ಇತ್ತು. ಇಬ್ಬರಿಗೂ ಇರುವೆ ಮುತ್ತಿತ್ತು. ಪಕ್ಕದ ಗಂಜಿಯ ಗಡಿಗೆಯಲ್ಲಿ ಬೆರಳಿನಿಂದ ಬಳಿದ ಗೆರೆಗಳು ಒಣಗಿದ್ದವು.

ವಾಮನ ಹೊಸ್ತಿಲಲ್ಲೇ ನಿಂತ. ಅಳು ಉಕ್ಕಿ ಬಂತು. ಆದರೂ ನಾಲಗೆ ಸುಮ್ಮನಿರಲಿಲ್ಲ.

"ನಾನು ಸುಳ್ಳು ಹೇಳಲಿಲ್ಲ, ಗುರುಗಳೇ. ನನ್ನ ಮಾತಿಗೆ ಎರಡರ್ಥವಿತ್ತು."

ಗುರುಗಳು ಮೂಲೆಯಲ್ಲಿದ್ದ ಗುದ್ದಲಿಯನ್ನು ತಂದು ಅವನ ಕೈಗೆ ಕೊಟ್ಟರು.

"ಅಗೆ. ಈಗ ಒಂದೇ ಅರ್ಥ ಉಳಿದಿದೆ."