ಹಲ್ಲು ಬಡಿದು ನೋಡಿದ ಮರಕುಟಿಗ

ಕರಡಿಯ ಹಲ್ಲುನೋವು ನಿಲ್ಲಿಸಲು ಮರಕುಟಿಗ ಕೇಳಿದ್ದು ಮೂರು ಜೇನುಗೂಡು, ಕೋತಿ ಕೇಳಿದ್ದು ಒಂದೇ. ತನಗೆ ವ್ಯವಹಾರ ಗೊತ್ತು ಎಂದುಕೊಂಡಿದ್ದ ಕರಡಿ ಕೋತಿಯ ಹತ್ತಿರ ಹೋಯಿತು.

ಕೋತಿ ಬಾಯಿ ತೆರೆಯಲೂ ಹೇಳಲಿಲ್ಲ. "ನನ್ನ ಕಾಲಿನ ಗಾಯಕ್ಕೆ ತಿನ್ನುತ್ತಿದ್ದ ಎಲೆ ಮಿಕ್ಕಿದೆ, ಕರಡಿಯಣ್ಣ. ಅಗಿದು ನುಂಗು" ಎಂದು ಒಂದು ಹಿಡಿ ಕೊಟ್ಟಿತು. ಎರಡು ದಿನಕ್ಕೆ ನೋವು ಇಳಿಯಿತು, ಐದನೆಯ ದಿನ ಮರಳಿ ಬಂತು. ಕರಡಿ ಇನ್ನೊಂದು ಗೂಡು ಕೊಟ್ಟು ಇನ್ನೊಂದು ಹಿಡಿ ತಿಂದಿತು. ಮೂರನೆಯ ಗೂಡು ಕೊಟ್ಟು ತಿಂದ ಎಲೆ ಕೆಲಸ ಮಾಡಲೇ ಇಲ್ಲ. ದವಡೆ ಊದಿಕೊಂಡು, ಜೇನು ಎದುರಿಗಿದ್ದರೂ ತಿನ್ನಲಾಗದ ಗತಿ ಬಂತು.

ಕೊನೆಗೆ ಕರಡಿ ಮರಕುಟಿಗನ ಮುಂದೆ ಕೂತು, "ಮೂರು ಗೂಡು ತಂದಿದ್ದೇನೆ. ಕೋತಿ ಕೊಟ್ಟ ಎಲೆಯನ್ನೇ ಜಾಸ್ತಿ ಕೊಡು" ಎಂದಿತು.

"ಮದ್ದು ನೀನೇ ಹೇಳುವುದಾದರೆ ನಾನೇಕೆ? ಮೊದಲು ಬಾಯಿ ತೆರೆ."

ಮರಕುಟಿಗ ಒಂದೊಂದೇ ಹಲ್ಲನ್ನು ಕೊಕ್ಕಿನಿಂದ ಮೆಲ್ಲಗೆ ಬಡಿಯುತ್ತ ಹೋಯಿತು. ಒಂದು ದವಡೆಹಲ್ಲಿಗೆ ಬಡಿದಾಗ ಕರಡಿ ನರಳಿತು.

"ಕೀವು ಇದರ ಬುಡದಲ್ಲಿದೆ. ಅದು ಒಳಗಿರುವವರೆಗೂ ಎಲೆಯಿಂದ ನೋವು ಮಲಗುತ್ತದೆ, ಹೋಗುವುದಿಲ್ಲ" ಎಂದು ಹಲ್ಲು ಕೊರೆದು ಕೀವು ಹರಿಯಬಿಟ್ಟಿತು. ಊತ ದವಡೆಗೆ ಹಬ್ಬಿದ್ದರಿಂದ ಬೇರೊಂದು ಎಲೆ ಆರಿಸಿ, ದಿನಕ್ಕೆ ಎಷ್ಟು, ಎಷ್ಟು ದಿನ ಎಂದೂ ಹೇಳಿತು.

"ನೀನೂ ಎಲೆಯನ್ನೇ ಕೊಟ್ಟೆಯಲ್ಲ?"

"ಕೊಟ್ಟೆ, ನೋಡಿದ ಮೇಲೆ. ಮೊದಲೇ ಬಂದಿದ್ದರೆ ಬಹುಶಃ ಈ ಎಲೆಯೂ ಬೇಕಿರಲಿಲ್ಲ."

ವಾರ ಕಳೆದ ಮೇಲೆ ಕರಡಿ ಜೇನು ಮೆಲ್ಲುತ್ತ ಲೆಕ್ಕ ಹಾಕಿತು. ಕೋತಿಗೂ ಮೂರು ಗೂಡು ಹೋಗಿತ್ತು, ಮರಕುಟಿಗನಿಗೂ ಮೂರು. ಕೋತಿಯ ಮೂರಕ್ಕೆ ಸಿಕ್ಕಿದ್ದು ಊತ. ಮರಕುಟಿಗನ ಮೂರಕ್ಕೆ ಬಾಯಲ್ಲಿ ಉಳಿದದ್ದು ನಲವತ್ತಕ್ಕೆ ನಲವತ್ತು ಹಲ್ಲು.