ಹಳೆಯ ರೂಟರಿನ ಕುಂಕುಮ

ಶಾಲೆಯೊಂದರ ಕಂಪ್ಯೂಟರುಗಳನ್ನು ಕಾಯುತ್ತಿದ್ದ ಹಳೆಯ ರೂಟರಿನ ಬಳಿಗೆ ಇಂಟರ್ನೆಟ್ಟಿನ ದಾರಿಯಲ್ಲಿ ವೈರಸ್ಸೊಂದು ಬಂತು. ರೂಟರಿನ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮ ಕಂಡು ನಕ್ಕಿತು.

“ಅಜ್ಜಾ, ನಿನ್ನನ್ನು ಮಾಡಿದ ಕಂಪನಿಯೇ ಅಪ್‌ಡೇಟ್ ನಿಲ್ಲಿಸಿ ನಿನ್ನ ಕೈಬಿಟ್ಟಿದೆ. ಇನ್ನು ನೀನು ಪೂಜೆಗಷ್ಟೇ ಲಾಯಕ್ಕು. ನಿನ್ನ ಬಿರುಕುಗಳೆಲ್ಲ ನನಗೆ ಬಾಯಿಪಾಠ, ದಾರಿ ಬಿಡು.”

“ಗೊತ್ತಿದ್ದರೆ ಕೇಳುವುದೇಕೆ? ನುಗ್ಗು,” ಎಂದಿತು ರೂಟರ್.

ನುಗ್ಗಿದ ಕಡೆಯೆಲ್ಲ ವೈರಸ್ಸಿನ ಹಣೆಗೆ ಪೆಟ್ಟು ಬಿತ್ತು. “ಇವನ್ನೆಲ್ಲ ಮುಚ್ಚಿದವರು ಯಾರು?”

“ಊರೂರಿನ ಕಂಪ್ಯೂಟರ್ ಬಲ್ಲ ಜನ ಸೇರಿ ಹೊಸ ಕಾವಲು ತಂತ್ರಾಂಶ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟರು. ನಮ್ಮ ವಿಮಲಾಕ್ಷಿ ಟೀಚರ್ ಅದನ್ನು ನನಗೆ ಹಾಕಿದರು.”

ವೈರಸ್ ಬಂದ ದಾರಿಯಲ್ಲೇ ಓಡಿತು. ರೂಟರ್ ಹಿಂದಿನಿಂದ ಕೂಗಿ ಹೇಳಿತು: “ಆಯುಧಪೂಜೆಯಲ್ಲಿ ಕುಂಕುಮ ಇಡುವುದು ದುಡಿಯುವ ಆಯುಧಕ್ಕೆ ಕಣೋ, ಗುಜರಿಗಲ್ಲ.”