ನೀರಗಂಟಿಯ ಸುಳ್ಳು

"ಗುರುಗಳೇ, ಒಂದು ಸೀಮೆಯನ್ನು ನಿಜವಾಗಿ ನಡೆಸುವವರು ಯಾರು?" ಎಂದು ಮರಿಬಸವಯ್ಯ ಕೇಳಿದ.

ಆ ದನಿಯಲ್ಲಿ ಕುತೂಹಲವಿರಲಿಲ್ಲ, ದಣಿವಿತ್ತು. ಅವನು ಸೀಮೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಶಿರಸ್ತೇದಾರ. ಕಡತ ಎಲ್ಲಿಂದ ಹೊರಟರೂ ಅಮಲ್ದಾರರ ಸಹಿಗೆ ಹೋಗುವ ಮುಂಚೆ ಅವನ ಮುಂದೆ ಬರಬೇಕು, ಅವನು ಅದರ ಮೇಲೆ ಕಡೆಯ ಷರಾ ಬರೆಯಬೇಕು. ಅವನು ಬರೆದಿದ್ದಾನೆಂದರೆ ಅಮಲ್ದಾರರು ಮತ್ತೆ ಓದುತ್ತಿರಲಿಲ್ಲ. ಜನ ಇದನ್ನು ಅವನ ಹೆಚ್ಚುಗಾರಿಕೆ ಎಂದುಕೊಂಡಿದ್ದರು. ಅವನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದ. ಈಚೆಗೆ ಮಾತ್ರ ಲೇಖನಿ ಹಿಡಿದರೆ ಸಾಕು, ಮೈಯೆಲ್ಲ ಭಾರವಾಗುತ್ತಿತ್ತು.

ನಾಳೆ ಅವನು ಒಂದು ಕಡತ ಮುಗಿಸಬೇಕಿತ್ತು. ಯಾವುದೋ ಹಳ್ಳಿಯ ಚಾಕರಿಯವನೊಬ್ಬ ಇಲ್ಲದ್ದನ್ನು ಇದೆಯೆಂದು ಹೇಳಿ ಕಚೇರಿಯನ್ನೆಲ್ಲ ಅಲೆದಾಡಿಸಿದ್ದನಂತೆ. ಅವನನ್ನು ಕೆಲಸದಿಂದ ತೆಗೆಯಬೇಕೆಂದು ಬರೆದು ಬಂದಿತ್ತು. ಕಾಗದಗಳೆಲ್ಲ ಕ್ರಮವಾಗಿದ್ದವು. "ತೆಗೆಯಬಹುದು" ಎಂದು ಒಂದು ಮಾತು ಬರೆದರೆ ಮುಗಿಯಿತು. ಆ ಮಾತನ್ನು ಬರೆಯಲು ಮೂರು ದಿನದಿಂದ ಅವನ ಕೈ ಬಂದಿರಲಿಲ್ಲ. ಭಾನುವಾರ ಬೆಳಗ್ಗೆ ಎದ್ದವನೇ ಮಠಕ್ಕೆ ಬಂದು, ಇದನ್ನೆಲ್ಲ ಗುರುಗಳಿಗೆ ಒಪ್ಪಿಸಿ, ಪ್ರಶ್ನೆ ಕೇಳಿದ್ದ.

"ನಿಯಮ ಮಾಡುವುದು ಐವರ ಸಭೆ, ಹೋಬಳಿಗೊಬ್ಬರಂತೆ," ಎಂದು ಅವನೇ ಮುಂದುವರಿಸಿದ. " ಅದನ್ನು ನಡೆಸುವುದು ಅಮಲ್ದಾರರು. ಅವರ ಕೈಕೆಳಗೆ ಭೂಮಿ, ನೀರು, ದಾರಿ ಎಂದು ಮೂರು ಇಲಾಖೆ. ಸಭೆಯವರು ನಿಯಮ ಮಾಡಿ ಎದ್ದು ಹೋಗುತ್ತಾರೆ. ಇಲಾಖೆಯವರು, ಹೇಗೂ ಮೇಲಿನವರು ನೋಡುತ್ತಾರೆಂದು ಬರೆಯುತ್ತಾರೆ. ಮೇಲಿನವರು, ಕೆಳಗಿನವರು ನೋಡಿಯೇ ಇರುತ್ತಾರೆಂದು ಸಹಿ ಹಾಕುತ್ತಾರೆ. ನಡುವೆ ನಾನು. ಯಾರೂ ಕೆಟ್ಟವರಲ್ಲ ಗುರುಗಳೇ. ಆದರೆ ಇದರಲ್ಲಿ ಮಾಡುವವರು ಯಾರು ಎಂಬುದೇ ನನಗೆ ತಿಳಿಯದಾಗಿದೆ."

ಗುರುಗಳು ಅವನ ಕಡತದ ವಿಷಯ ಏನನ್ನೂ ಕೇಳಲಿಲ್ಲ. "ಕೂತುಕೋ" ಎಂದು ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ನೀರಗಂಟಿಯಿದ್ದ. ಕೆರೆಯ ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಕೆರೆಯ ಏರಿಯನ್ನು ಕಾಯುವುದು ಅವನ ಕೆಲಸ. ಏರಿಯ ಕೆಳಗೆ ಅವನ ಊರು, ನಲವತ್ತು ಮನೆ.

ಒಂದು ದಿನ ಏರಿಯ ಹೊರಮೈಯಲ್ಲಿ ಮೊರದಗಲ ಒದ್ದೆ ಕಂಡಿತು. ಒದ್ದೆಗೆ ನೀರಗಂಟಿ ಹೆದರುವವನಲ್ಲ. ತುಂಬಿದ ಕೆರೆಯ ಏರಿ ಅಲ್ಲಲ್ಲಿ ಜಿನುಗುತ್ತದೆ, ತಿಳಿನೀರು ಜಿನುಗಿದರೆ ಕೇಡಿಲ್ಲ. ಅವನು ಬೊಗಸೆಯೊಡ್ಡಿ ಹಿಡಿದು ನೋಡಿದ. ನೀರು ಕದಡಾಗಿತ್ತು. ಎಂದರೆ ಒಳಗಿನ ಮಣ್ಣು ನೀರಿನ ಜೊತೆ ಹೊರಟು ಬರುತ್ತಿದೆ. ಹಾಗೆ ಹೊರಟರೆ ಹತ್ತು ಹನ್ನೆರಡು ದಿನದಲ್ಲಿ ಏರಿ ಹೋಗುತ್ತದೆ, ಏರಿಯ ಹಿಂದೆ ಊರು ಹೋಗುತ್ತದೆ.

ಹಿಂದೆಲ್ಲ ಇಂಥ ಹೊತ್ತಿನಲ್ಲಿ ತಮಟೆ ಬಡಿದರೆ ಮನೆಗೊಬ್ಬರು ಮಂಕರಿಯಲ್ಲಿ ಜೇಡಿಮಣ್ಣು ಹೊತ್ತು ಬರುತ್ತಿದ್ದರು. ಈಗ ಹಾಗಿಲ್ಲ. ಪಕ್ಕದ ಊರಿನವರೊಮ್ಮೆ ದುರಸ್ತಿಯ ನೆಪದಲ್ಲಿ ಏರಿಯನ್ನೇ ಕಡಿದು ನೀರು ತಿರುಗಿಸಿಕೊಂಡಿದ್ದರು. ಅಂದಿನಿಂದ ಐವರ ಸಭೆ ಒಂದು ನಿಯಮ ಮಾಡಿತ್ತು. ಅಪ್ಪಣೆಯಿಲ್ಲದೆ ಏರಿಯನ್ನು ಯಾರೂ ಮುಟ್ಟಕೂಡದು. ಮುಟ್ಟಿದ ಊರಿಗೆ ಒಂದು ಬೆಳೆಯ ನೀರಿಲ್ಲ. ನ್ಯಾಯವಾದ ನಿಯಮ. ಅದನ್ನು ಊರಿನಲ್ಲಿ ಸಾರಿದಾಗ ಮೊದಲು ತಲೆದೂಗಿದವನು ನೀರಗಂಟಿಯೇ. ಅವನು ಊರಿನವರಿಗೆ ವಿಷಯ ಹೇಳಿ, ರೊಟ್ಟಿ ಕಟ್ಟಿಸಿಕೊಂಡು, ಒಂದು ದಿನದ ದಾರಿ ನಡೆದು ಕಚೇರಿಗೆ ಹೋದ.

ಏರಿಯ ಹೊರಮೈ ಮಣ್ಣು. ಆದ್ದರಿಂದ ಅವನನ್ನು ಮೊದಲು ಭೂಮಿಯ ಇಲಾಖೆಗೆ ಕಳಿಸಿದರು.

"ಬರುತ್ತಿರೋದು ಮಣ್ಣೋ ನೀರೋ?" ಎಂದು ಅಲ್ಲಿನ ಅಧಿಕಾರಿ ಕೇಳಿದ.

"ನೀರೇ ಬುದ್ಧಿ. ಮಣ್ಣು ಅದರೊಳಗೆ ಬರ್ತಾ ಇದೆ."

"ಹಾಗಾದರೆ ಇದು ನಮ್ಮ ಬಾಬ್ತಲ್ಲ."

ನೀರಿನ ಇಲಾಖೆಯವರು ವಿಚಾರಿಸಿದರು. ಏರಿಯ ಒಳಮೈಯ ಕಲ್ಲುಕಟ್ಟಡ ಅವರ ಬಾಬ್ತು. ಕಲ್ಲು ಜರುಗಿಲ್ಲವೆಂದ ಮೇಲೆ ಅವರು ಮಾಡುವುದೇನೂ ಇರಲಿಲ್ಲ. ಏರಿಯ ಮೇಲೆ ಹೋಗುವ ಗಾಡಿದಾರಿ ದಾರಿಯ ಇಲಾಖೆಯದು. ದಾರಿ ಕುಸಿದಾಗ ಬಂದು ತಿಳಿಸು ಎಂದು ಅವರು ಹೇಳಿದರು. ಯಾರೂ ಗದರಲಿಲ್ಲ. ಒಬ್ಬರು ಅವನಿಗೆ ಮಜ್ಜಿಗೆ ಕೊಟ್ಟರು. ಇನ್ನೊಬ್ಬರು ಅವನ ಅರ್ಜಿಯನ್ನು ತಾವೇ ಅಂದವಾಗಿ ಬರೆದುಕೊಟ್ಟರು.

ಇಲ್ಲಿ ಮರಿಬಸವಯ್ಯ ತನಗೆ ತಿಳಿಯದಂತೆ ತಲೆಯಾಡಿಸಿದ. ಬಾಬ್ತು ಗೊತ್ತಾಗದೆ ಕಡತ ತೆರೆಯಲು ಬರುವುದಿಲ್ಲ. ಅವನಾದರೂ ಅದನ್ನೇ ಮಾಡುತ್ತಿದ್ದ. ಮಜ್ಜಿಗೆ ಕೊಡುತ್ತಿದ್ದನೋ ಇಲ್ಲವೋ, ಅದಷ್ಟೇ ಅನುಮಾನ.

ಗುರುಗಳು ಮುಂದುವರಿಸಿದರು.

ಅಮಲ್ದಾರ ಒಳ್ಳೆಯವನು. ಮೂರು ಇಲಾಖೆಗೂ ಸೇರಿದ ಕೆಲಸ ಇದು, ಯಾರ ಬಾಬ್ತೆಂದು ಸಭೆಯೇ ತೀರ್ಮಾನಿಸಬೇಕು ಎಂದು ಅಂದೇ ಬರೆದು ಕಳಿಸಿದ. ಸಭೆ ನಾಲ್ಕನೆಯ ದಿನಕ್ಕೇ ಸೇರಿತು. ಆ ಸೀಮೆಯ ಮಟ್ಟಿಗೆ ಅದು ಓಟವೇ ಸರಿ. ಐವರೂ ಬೆಳಗಿನಿಂದ ಸಂಜೆಯವರೆಗೆ ಮನಸ್ಸಿಟ್ಟು ಚರ್ಚಿಸಿದರು. ಮೂರು ಇಲಾಖೆಯವರೂ ಒಟ್ಟಿಗೆ ಹೋಗಿ ಏರಿಯನ್ನು ನೋಡಿ, ಅಲ್ಲಿಯೇ ದುರಸ್ತಿಗೆ ಅಪ್ಪಣೆ ಕೊಡತಕ್ಕದ್ದು ಎಂದು ಆಯಿತು. ಅಷ್ಟು ದಿನವೂ ನೀರಗಂಟಿ ಕಚೇರಿಯ ಜಗಲಿಯಲ್ಲೇ ಬಿದ್ದುಕೊಂಡಿದ್ದ. ಮೋಡವಾದಾಗಲೆಲ್ಲ ಎದ್ದು ಊರಿನ ದಿಕ್ಕಿಗೆ ನೋಡುತ್ತಿದ್ದ. ಅಪ್ಪಣೆಯ ಸುದ್ದಿ ಕೇಳಿದವನೇ ಅಧಿಕಾರಿಗಳಿಗಿಂತ ಮುಂಚೆ ಹೊರಟ.

ಬಂದು ನೋಡಿದರೆ ಏರಿ ಒಣಗಿತ್ತು. ಒದ್ದೆಯಿದ್ದ ಕಡೆ ಹುಲ್ಲುಹೆಂಟೆಗಳನ್ನು ಒತ್ತಾಗಿ ಕೂರಿಸಿದ್ದರು. ಅವನು ಕಾಲಿಟ್ಟು ನೋಡಿದ. ಕೆಳಗೆ ಹೊಸ ಮಣ್ಣು ಮೆತ್ತಗಿತ್ತು. ಮನೆಗೆ ಬಂದ. ಹೆಂಡತಿ ಊಟಕ್ಕೆ ಬಡಿಸಿದಳು. ಅವಳ ಬೆರಳ ಗೆಣ್ಣುಗಳು ತರಚಿದ್ದವು, ಉಗುರಿನೊಳಗೆ ಜೇಡಿ ಹಾಗೇ ಇತ್ತು. ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ. ಹಸಿದಿದ್ದ, ಉಂಡ.

ಮರುದಿನ ಮೂವರು ಅಧಿಕಾರಿಗಳು ಬಂದರು. ಬಿಸಿಲಿನಲ್ಲಿ ಏರಿಯ ಉದ್ದಕ್ಕೂ ಎರಡು ಸಲ ನಡೆದರು. ಊರಿನವರನ್ನು ಕರೆಸಿ ಕೇಳಿದರು. ಒದ್ದೆಯನ್ನು ಯಾರೂ ಕಂಡಿರಲಿಲ್ಲ. ಊರ ಗೌಡನೂ ಕಂಡಿರಲಿಲ್ಲ. ಯಾರೂ ನೀರಗಂಟಿಯ ಮುಖ ನೋಡಲಿಲ್ಲ.

ಅವನು ಆ ಹುಲ್ಲುಹೆಂಟೆ ಒಂದನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು, ಅವನ ಮಾತು ನಿಜವಾಗುತ್ತಿತ್ತು. ಊರಿಗೆ ಒಂದು ಬೆಳೆಯ ನೀರು ಹೋಗುತ್ತಿತ್ತು.

"ಎಲ್ಲಯ್ಯಾ ನೀನು ಕಂಡ ಕದಡು ನೀರು?" ಎಂದು ನೀರಿನ ಅಧಿಕಾರಿ ಕೇಳಿದ.

"ವಯಸ್ಸಾಯ್ತು ಬುದ್ಧಿ. ಕಣ್ಣು ಮಂಜು. ಏನನ್ನೋ ಕಂಡು ಏನೋ ಅಂದ್ಕೊಂಡೆ."

ಅವರಿಗೆ ಸಿಟ್ಟು ಬರಲಿಲ್ಲ, ಕನಿಕರವೇ ಬಂತು. ಕಣ್ಣು ಕಾಣದವನ ಕೈಯಲ್ಲಿ ಕೆರೆಯನ್ನು ಬಿಡುವುದು ಹೇಗೆ? ಸುಳ್ಳು ವರದಿ, ಚಾಕರಿಗೆ ಯೋಗ್ಯನಲ್ಲ ಎಂದು ಬರೆದರು. ಆ ಸೀಮೆಯಲ್ಲಿ ಮೂರು ಇಲಾಖೆಯವರೂ ಒಂದೇ ಮಾತು ಬರೆದದ್ದು ಅದೇ ಮೊದಲು. ಕಚೇರಿಯ ತೀರ್ಮಾನ ಬರುವವರೆಗೆ ಅವನು ಏರಿ ಹತ್ತಕೂಡದೆಂದು ಹೇಳಿ ಹೋದರು.

ಊರಿನವರು ಅವಸರದಲ್ಲಿ ತುಂಬಿದ ಮಣ್ಣು ಅದು. ಮುಂದಿನ ಮಳೆಗೆ ಮುಂಚೆ ಅದನ್ನು ಬಿಚ್ಚಿ, ಪದರ ಪದರವಾಗಿ ಬಡಿದು ಕೂರಿಸದಿದ್ದರೆ ನಿಲ್ಲುವುದಿಲ್ಲ. ಇದು ತಿಳಿದಿದ್ದವನು ನೀರಗಂಟಿಯೊಬ್ಬನೇ. ಅವನು ಮನೆಯ ಮುಂದೆ ಕೂತು ದೂರದಿಂದ ಏರಿಯನ್ನು ನೋಡುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರಿಬಸವಯ್ಯ, "ಆಮೇಲೆ?" ಎಂದ.

"ಆಮೇಲೇನು? ಕಡತ ಕಚೇರಿಗೆ ಹೋಯಿತು."

ಮರಿಬಸವಯ್ಯನಿಗೆ ಸಂಕಟವಾಯಿತು. ತಾನೆಂದೂ ನೋಡದ ಆ ಮುದುಕನ ಮೇಲೆ ಮರುಕ ಹುಟ್ಟಿತು. ಆದರೆ ಬಾಯಿ ತೆರೆದಾಗ ಮಾತಾಡಿದ್ದು ಇಪ್ಪತ್ತೆರಡು ವರ್ಷದ ಚಾಕರಿಯೇ.

"ಅಲ್ಲಿನ ಶಿರಸ್ತೇದಾರನಾದರೂ ಏನು ಮಾಡಿಯಾನು ಗುರುಗಳೇ? ಮೂವರು ಅಧಿಕಾರಿಗಳು ಕಣ್ಣಾರೆ ನೋಡಿ ಬರೆದಿದ್ದಾರೆ. ಊರಿನವರು ಹೇಳಿಕೆ ಕೊಟ್ಟಿದ್ದಾರೆ. ಆ ಮನುಷ್ಯ ತಾನೇ ಒಪ್ಪಿಕೊಂಡಿದ್ದಾನೆ. ಕಾಗದದಲ್ಲಿ ಇಲ್ಲದ್ದನ್ನು ಕಚೇರಿಯಲ್ಲಿ ಕೂತವನು ತಿಳಿಯುವುದು ಹೇಗೆ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನಾಳೆ ನೀನು ತೆಗೆಯಬೇಕಾದವನ ಊರು ಇಲ್ಲಿಂದ ಎಷ್ಟು ದೂರ, ಮರಿಬಸವಯ್ಯ?"